ಹದಿನಾರರ ಗುಟುಕು, ಇಪ್ಪತ್ತಾರರ ರೂಢಿ



ಮದ್ಯಪಾನವನ್ನು ಕುರಿತು ದೂರದರ್ಶನದಲ್ಲಿ ಚರ್ಚೆಯನ್ನೋ ಫೋನ್-ಇನ್ ಕಾರ್ಯಕ್ರಮವನ್ನೋ ಏರ್ಪಡಿಸಿದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಕೇಳುವವರು ಹೆಚ್ಚಾಗಿ ತಾಯಂದಿರು. "ಮಗನಿಗೆ ಇಪ್ಪತ್ತೈದು ತುಂಬಿತು. ಸ್ವಲ್ಪ ಕುಡಿತ ಇದೆ. ಒಂದು ಮದುವೆ ಮಾಡಿಬಿಟ್ಟರೆ ಸರಿಹೋಗ್ತಾನೆ ಅಂತ ಹಿರಿಯರು ಹೇಳ್ತಾರೆ. ಹೌದೇ ಡಾಕ್ಟ್ರೇ?" ಸ್ಟುಡಿಯೋದಲ್ಲಿ ಕುಳಿತ ವೈದ್ಯರಿಗೆ ಉತ್ತರಿಸಲು ಸಿಗುವುದು ಒಂದೆರಡು ನಿಮಿಷ ಮಾತ್ರ. ಅಷ್ಟರಲ್ಲಿ ಮುಂದಿನ ಕರೆ ಕಾದಿರುತ್ತದೆ. ಆದರೆ ಆ ಪ್ರಶ್ನೆಯಲ್ಲಿ ಒಬ್ಬ ಹುಡುಗನ ಆರೋಗ್ಯ ಮಾತ್ರವಲ್ಲ, ಇನ್ನೂ ಅವನ ಮುಖವನ್ನೇ ನೋಡಿರದ ಯಾವುದೋ ಮನೆಯ ಹೆಣ್ಣುಮಗಳೊಬ್ಬಳ ಬದುಕೂ ಅಡಗಿದೆ. ಆದ್ದರಿಂದ ತೆರೆಯ ಮೇಲೆ ಹೇಳಲು ಬಿಡುವಿಲ್ಲದ ಮಾತನ್ನು ಇಲ್ಲಿ ಸಾವಧಾನವಾಗಿ ಹೇಳಬೇಕೆನಿಸಿದೆ.

ಈ ಪ್ರಶ್ನೆಗೆ ಉತ್ತರ ಬೇಕಾದರೆ ಮೊದಲು ಒಂದು ವಿಷಯ ತಿಳಿದಿರಬೇಕು. ಹದಿನೈದು ಹದಿನಾರರ ವಯಸ್ಸಿನಿಂದ ಮೂವತ್ತರವರೆಗೆ ಒಬ್ಬ ವ್ಯಕ್ತಿಯ ಕುಡಿತ ಒಂದೇ ರೀತಿ ಇರುವುದಿಲ್ಲ. ಅದು ಹಂತಹಂತವಾಗಿ ರೂಪ ಬದಲಿಸುತ್ತದೆ. ಕೆಲವರಲ್ಲಿ ತಾನಾಗಿ ಇಳಿಯುತ್ತದೆ. ಕೆಲವರಲ್ಲಿ ಸದ್ದಿಲ್ಲದೆ ಬೇರುಬಿಡುತ್ತದೆ. ಇವೆರಡನ್ನೂ ಬೇರ್ಪಡಿಸಿ ನೋಡಲು ಕಲಿಯುವುದೇ ಈ ಲೇಖನದ ಉದ್ದೇಶ.

ಮೊದಲಿಗೆ ಎಷ್ಟು ಜನ ಕುಡಿಯುತ್ತಾರೆ ಎಂಬುದನ್ನು ನೋಡೋಣ. "ಈಗ ಎಲ್ಲರೂ ಕುಡಿಯುತ್ತಾರೆ" ಎಂಬ ಮಾತು ಕಾಲೇಜು ಹುಡುಗರ ಬಾಯಲ್ಲಿ ಪದೇಪದೇ ಕೇಳಿಬರುತ್ತದೆ. ಅದು ನಿಜವಲ್ಲ. 2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ 15 ವರ್ಷ ದಾಟಿದ ಗಂಡಸರಲ್ಲಿ ಮದ್ಯಪಾನ ಮಾಡುವವರು ಶೇಕಡಾ ಸುಮಾರು 19. ಹೆಂಗಸರಲ್ಲಿ ಶೇಕಡಾ ಒಂದರ ಆಸುಪಾಸು. ಕರ್ನಾಟಕದಲ್ಲಿ ಗಂಡಸರ ಪ್ರಮಾಣ ಇನ್ನೂ ಸ್ವಲ್ಪ ಕಡಿಮೆ, ಶೇಕಡಾ ಸುಮಾರು 16.5. ಎಂದರೆ ಐದು ಜನ ಗಂಡಸರಲ್ಲಿ ನಾಲ್ವರು ಕುಡಿಯುವುದೇ ಇಲ್ಲ. ಕುಡಿಯದ ಹುಡುಗ ಗುಂಪಿನಲ್ಲಿ ಒಂಟಿಯೆಂದು ಭಾವಿಸಬೇಕಾಗಿಲ್ಲ. ದೇಶದ ಲೆಕ್ಕದಲ್ಲಿ ಅವನದೇ ಬಹುಮತ.

ಆದರೆ ಕುಡಿಯುವವರು ಶುರುಮಾಡುವ ವಯಸ್ಸಿನ ಕಥೆ ಬೇರೆ. ನಮ್ಮ ನೆರೆಯ ಗೋವಾದಲ್ಲಿ ಗಂಡಸರನ್ನು ಕುರಿತು ನಡೆದು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಕಣ್ಣು ತೆರೆಸುವಂಥದು. ಅಲ್ಲಿ 1956ರಿಂದ 60ರ ನಡುವೆ ಹುಟ್ಟಿದ ಕುಡುಕರಲ್ಲಿ ಹದಿಹರೆಯದಲ್ಲೇ ಕುಡಿಯಲು ತೊಡಗಿದವರು ಶೇಕಡಾ 20ಕ್ಕಿಂತ ಕಡಿಮೆ. 1981ರಿಂದ 85ರ ನಡುವೆ ಹುಟ್ಟಿದವರಲ್ಲಿ ಅದೇ ಪ್ರಮಾಣ ಶೇಕಡಾ 74. ಎರಡೂವರೆ ದಶಕದಲ್ಲಿ ಆದ ವ್ಯತ್ಯಾಸ ಇದು. ತಂದೆ ಸಂಪಾದನೆಗೆ ತೊಡಗಿದ ಮೇಲೆ ಕೈಗೆತ್ತಿಕೊಂಡ ಲೋಟವನ್ನು ಮಗ ಶಾಲಾ ಕಾಲೇಜಿನ ದಿನಗಳಲ್ಲೇ ಹಿಡಿದಿದ್ದಾನೆ.

ಹದಿಹರೆಯದ ಹುಡುಗ ಹೇಗೆ ಕುಡಿಯುತ್ತಾನೆ? ಅವನಿಗೆ ಮೊದಲ ಗುಟುಕು ರುಚಿಸುವುದಿಲ್ಲ. ಕಹಿ, ಗಂಟಲುರಿ, ವಾಕರಿಕೆ. ಆದರೂ ಕುಡಿಯುತ್ತಾನೆ. ಏಕೆಂದರೆ ಆ ವಯಸ್ಸಿನಲ್ಲಿ ಕುಡಿತ ಎಂಬುದು ಮದ್ಯಕ್ಕಾಗಿ ಅಲ್ಲ, ಗೆಳೆಯರಿಗಾಗಿ. ಪರೀಕ್ಷೆ ಮುಗಿದ ದಿನ, ಹುಟ್ಟುಹಬ್ಬ, ಹೊಸ ವರ್ಷದ ಹಿಂದಿನ ರಾತ್ರಿ, ಊರಿನ ಜಾತ್ರೆ, ಹಬ್ಬದ ಮಾರನೆಯ ದಿನ, ಹೀಗೆ ಸಂದರ್ಭಗಳು ವಿರಳ. ಕೈಯಲ್ಲಿ ದುಡ್ಡಿಲ್ಲ, ಕುಳಿತು ಕುಡಿಯಲು ಜಾಗವಿಲ್ಲ, ಮನೆಯವರ ಭಯ ಬೇರೆ. ಹೀಗಾಗಿ ಸಿಕ್ಕಿದ ದಿನ, ಸಿಕ್ಕಿದಷ್ಟನ್ನು, ಗಡಿಬಿಡಿಯಲ್ಲಿ ಕುಡಿದು ಮುಗಿಸುತ್ತಾನೆ. ಅಪರೂಪಕ್ಕೆ, ಆದರೆ ಒಂದೇ ಸಲಕ್ಕೆ ಬಹಳ, ಇದು ಹದಿಹರೆಯದ ಕುಡಿತದ ಲಕ್ಷಣ. "ವರ್ಷಕ್ಕೆ ನಾಲ್ಕು ಸಲ ತಾನೆ" ಎಂದು ಹಿರಿಯರು ಸಮಾಧಾನ ಪಟ್ಟುಕೊಳ್ಳುತ್ತಾರೆ. ಆ ನಾಲ್ಕು ಸಲಗಳಲ್ಲೇ ಬೈಕ್ ಅಪಘಾತಗಳು, ಕೆರೆಗಿಳಿದು ಮುಳುಗುವ ದುರಂತಗಳು, ಹೊಡೆದಾಟಗಳು ಸಂಭವಿಸುತ್ತವೆ.

ಇದಕ್ಕೆ ಮಿದುಳಿನಲ್ಲೂ ಒಂದು ಕಾರಣವಿದೆ. ನಮ್ಮ ಹಣೆಯ ಹಿಂದಿರುವ ಮಿದುಳಿನ ಮುಂಭಾಗ, ಎಂದರೆ "ಬೇಡ, ನಿಲ್ಲಿಸು" ಎಂದು ಹೇಳುವ ಭಾಗ, ಎಲ್ಲಕ್ಕಿಂತ ಕೊನೆಗೆ ಬಲಿಯುತ್ತದೆ. ಅದರ ಬೆಳವಣಿಗೆ ಇಪ್ಪತ್ತೈದರ ಆಸುಪಾಸಿನವರೆಗೂ ನಡೆಯುತ್ತಲೇ ಇರುತ್ತದೆ. ಸಂತೋಷ, ರೋಮಾಂಚನಗಳನ್ನು ಬಯಸುವ ಭಾಗಗಳು ಮಾತ್ರ ಹದಿಹರೆಯದಲ್ಲೇ ಚುರುಕಾಗಿಬಿಟ್ಟಿರುತ್ತವೆ. ಗಾಡಿಯ ಎಂಜಿನ್ ಸಿದ್ಧವಾಗಿದೆ, ಬ್ರೇಕ್ ಇನ್ನೂ ಜೋಡಿಸುತ್ತಿದ್ದಾರೆ ಎನ್ನುವಂಥ ಸ್ಥಿತಿ.

ಇನ್ನೊಂದು ಸಂಗತಿ ಇಲಿಗಳ ಮೇಲಿನ ಪ್ರಯೋಗಗಳಿಂದ ಗೊತ್ತಾಗಿದೆ. ಒಂದೇ ಪ್ರಮಾಣದ ಮದ್ಯಸಾರ ಕೊಟ್ಟಾಗ ಬೆಳೆದ ಇಲಿ ಬೇಗ ತೂಕಡಿಸಿ ಬೀಳುತ್ತದೆ. ಎಳೆಯ ಇಲಿಗೆ ಅಷ್ಟು ಬೇಗ ನಿದ್ದೆ ಹತ್ತುವುದಿಲ್ಲ. ನೆನಪು, ಕಲಿಕೆಗಳಿಗೆ ತಗಲುವ ಪೆಟ್ಟು ಮಾತ್ರ ಎಳೆಯದಕ್ಕೇ ಹೆಚ್ಚು. ದೊಡ್ಡವರಿಗೆ "ಸಾಕು" ಎಂದು ದೇಹ ಕೊಡುವ ಸೂಚನೆ ಹದಿಹರೆಯದಲ್ಲಿ ಮಂದವಾಗಿರುತ್ತದೆ. "ನಮ್ಮ ಹುಡುಗ ಗಟ್ಟಿಗ, ಎಷ್ಟು ಕುಡಿದರೂ ತೂರಾಡುವುದಿಲ್ಲ" ಎಂಬುದು ಹೆಮ್ಮೆಪಡುವ ವಿಷಯವಲ್ಲ. ಕಾವಲುಗಾರ ನಿದ್ದೆ ಹೋಗಿದ್ದಾನೆ ಎಂದೇ ಅದರ ಅರ್ಥ.

ಇಲ್ಲಿ ಒಂದಿಷ್ಟು ಲೆಕ್ಕ ಹೇಳಬೇಕು. "ಬಿಯರ್ ತಾನೆ, ಅದೇನು ಹೆಂಡವಲ್ಲ" ಎಂಬ ಮಾತನ್ನು ನೀವೂ ಕೇಳಿರಬಹುದು. ನಮ್ಮಲ್ಲಿ ಮಾರುವ ವಿಸ್ಕಿ, ರಮ್, ಬ್ರಾಂದಿಗಳಲ್ಲಿ ಮದ್ಯಸಾರದ ಪ್ರಮಾಣ ಸಾಮಾನ್ಯವಾಗಿ ಶೇಕಡಾ 42.8. ಒಂದು ಸಣ್ಣ ಪೆಗ್, ಎಂದರೆ 30 ಮಿಲಿಲೀಟರ್, ಕುಡಿದರೆ ದೇಹಕ್ಕೆ ಸೇರುವುದು ಸುಮಾರು 10 ಗ್ರಾಂ ಮದ್ಯಸಾರ. ಈಗ ಸ್ಟ್ರಾಂಗ್ ಬಿಯರಿನ 650 ಮಿಲಿಲೀಟರಿನ ಬಾಟಲಿಯನ್ನು ತೆಗೆದುಕೊಳ್ಳಿ. ಅದರಲ್ಲಿ ಮದ್ಯಸಾರ ಶೇಕಡಾ 7.5 ಇದ್ದರೆ ಒಟ್ಟು 38 ಗ್ರಾಂ ದಾಟುತ್ತದೆ. ಒಂದು ಬಾಟಲಿ ಬಿಯರ್ ಕುಡಿದ ಹುಡುಗ ಸುಮಾರು ನಾಲ್ಕು ಸಣ್ಣ ಪೆಗ್ ವಿಸ್ಕಿ ಕುಡಿದಂತಾಯಿತು. ನಮ್ಮ ಯಕೃತ್ತು ಮದ್ಯಸಾರವನ್ನು ಕರಗಿಸುವುದು ಗಂಟೆಗೆ ಸುಮಾರು 7-8 ಗ್ರಾಂನಂತೆ. ಆ ಒಂದು ಬಾಟಲಿಯನ್ನು ಹೊರಹಾಕಲು ಅದಕ್ಕೆ ಐದು ಗಂಟೆಯಾದರೂ ಬೇಕು. ನಿಂಬೆಹಣ್ಣಿನ ರಸ, ಮಜ್ಜಿಗೆ, ಕಾಫಿ, ತಣ್ಣೀರಿನ ಸ್ನಾನ ಇವು ಯಾವುವೂ ಆ ಕೆಲಸವನ್ನು ಚುರುಕುಗೊಳಿಸಲಾರವು. ಕಾಫಿ ಕುಡಿದವನು ಎಚ್ಚರವಾಗಿರುವ ಕುಡುಕನಾಗುತ್ತಾನೆ, ಅಷ್ಟೇ.

ವಾಹನ ಓಡಿಸುವವನ ರಕ್ತದಲ್ಲಿ 100 ಮಿಲಿಲೀಟರಿಗೆ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇರಬಾರದೆಂದು ನಮ್ಮ ಮೋಟಾರು ವಾಹನ ಕಾಯಿದೆ ಹೇಳುತ್ತದೆ. ಅರುವತ್ತು ಕಿಲೋ ತೂಕದ ಯುವಕ ಬೇಗಬೇಗನೆ ಎರಡು ಸಣ್ಣ ಪೆಗ್ ಕುಡಿದರೆ ಸಾಮಾನ್ಯವಾಗಿ ಆ ಗೆರೆಯನ್ನು ದಾಟಿರುತ್ತಾನೆ. ಹೆಣ್ಣುಮಕ್ಕಳ ದೇಹದಲ್ಲಿ ನೀರಿನ ಅಂಶ ಕಡಿಮೆಯಾದ್ದರಿಂದ ಅಷ್ಟೇ ಮದ್ಯ ಅವರ ರಕ್ತದಲ್ಲಿ ಇನ್ನೂ ಹೆಚ್ಚಿನ ಪ್ರಮಾಣದಲ್ಲಿ ಸೇರುತ್ತದೆ. ನಗರಗಳಲ್ಲಿ ಓದುವ, ದುಡಿಯುವ ಹುಡುಗಿಯರಿಗೂ ಈ ಲೆಕ್ಕ ತಿಳಿದಿರಬೇಕು.

ಇನ್ನು ಯೌವನಕ್ಕೆ ಬರೋಣ. ಇಪ್ಪತ್ತೊಂದು ಇಪ್ಪತ್ತೆರಡರ ಹೊತ್ತಿಗೆ ಪರಿಸ್ಥಿತಿ ಬದಲಾಗುತ್ತದೆ. ಮೊದಲ ಸಂಬಳ ಕೈಗೆ ಬರುತ್ತದೆ. ಊರು ಬಿಟ್ಟು ಬಂದವನಿಗೆ ಗೆಳೆಯರೊಡನೆ ಹಂಚಿಕೊಂಡ ಒಂದು ರೂಮು ಸಿಗುತ್ತದೆ. ಕೇಳುವವರಿಲ್ಲ. ಕದ್ದು ಕುಡಿಯುವ ಅಗತ್ಯ ಹೋಯಿತು. ಗಡಿಬಿಡಿಯೂ ಹೋಯಿತು. ಆಗ ಒಂದು ಸಲಕ್ಕೆ ಕುಡಿಯುವ ಪ್ರಮಾಣ ಕ್ರಮೇಣ ಇಳಿಯಬಹುದು. ವಾಂತಿ, ರಂಪಾಟಗಳು ನಿಲ್ಲಬಹುದು. ಮನೆಯವರು "ಪರವಾಗಿಲ್ಲ, ತಿಳಿವಳಿಕೆ ಬಂತು" ಎಂದುಕೊಳ್ಳುತ್ತಾರೆ. ಆದರೆ ಅದೇ ಸಮಯದಲ್ಲಿ ಎಷ್ಟು ಸಲ ಕುಡಿಯುತ್ತಾನೆ ಎಂಬ ಲೆಕ್ಕ ಏರತೊಡಗಿರುತ್ತದೆ. ವರ್ಷಕ್ಕೆ ನಾಲ್ಕಿದ್ದುದು ತಿಂಗಳಿಗೆ ನಾಲ್ಕು, ಅನಂತರ ಪ್ರತಿ ಶುಕ್ರವಾರ, ಶನಿವಾರ. ಹಳ್ಳಿಯಲ್ಲಾದರೆ ಕೂಲಿ ಕೈಗೆ ಬಂದ ಪ್ರತಿ ಸಂಜೆ. ಗಲಾಟೆ ಕಡಿಮೆಯಾಯಿತೆಂದ ಮಾತ್ರಕ್ಕೆ ಕುಡಿತ ಕಡಿಮೆಯಾಯಿತೆಂದಲ್ಲ. ಜಾತ್ರೆಯಾಗಿದ್ದುದು ನಿತ್ಯದ ಸಂತೆಯಾಗಿರುತ್ತದೆ.

ಕುಡಿಯುವ ಕಾರಣವೂ ಬದಲಾಗುತ್ತದೆ. ಹದಿನಾರರಲ್ಲಿ ಗೆಳೆಯರಿಗಾಗಿ ಕುಡಿದವನು ಇಪ್ಪತ್ತಾರರಲ್ಲಿ ದಣಿವಿಗಾಗಿ, ನಿದ್ದೆಗಾಗಿ, ಮೇಲಧಿಕಾರಿ ಬೈದ ಬೇಸರಕ್ಕಾಗಿ ಕುಡಿಯುತ್ತಾನೆ. ಗುಂಪಿಲ್ಲದೆ ಒಬ್ಬನೇ ಕುಡಿಯಲು ತೊಡಗುತ್ತಾನೆ. ಈ ತಿರುವನ್ನು ಮನೆಯವರು ಗಮನಿಸಬೇಕು. ಗೆಳೆಯರಿದ್ದಾಗ ಕುಡಿಯುವವನಿಗೆ ಗೆಳೆಯರು ಬದಲಾದರೆ ಕುಡಿತವೂ ಬದಲಾಗುವ ಅವಕಾಶವಿದೆ. ನೋವಿಗೆ ಔಷಧವೆಂದು ಕುಡಿಯುವವನಿಗೆ ನೋವಂತೂ ದಿನವೂ ಇರುತ್ತದೆ.

ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಪೊಟ್ಟಣದ ಸಾರಾಯಿ ಹೋದ ಮೇಲೆ ಹಳ್ಳಿಹಳ್ಳಿಗಳಲ್ಲಿ 90 ಮತ್ತು 180 ಮಿಲಿಲೀಟರಿನ ಅಗ್ಗದ ವಿಸ್ಕಿ, ಬ್ರಾಂದಿಗಳು ಬಳಕೆಗೆ ಬಂದವು. ಜನರ ಬಾಯಲ್ಲಿ "ನೈಂಟಿ", "ಕ್ವಾರ್ಟರ್" ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಒಂದು ನೈಂಟಿ ಎಂದರೆ ಮೂರು ಸಣ್ಣ ಪೆಗ್, ಸುಮಾರು 30 ಗ್ರಾಂ ಮದ್ಯಸಾರ. ಜೇಬಿನಲ್ಲಿ ಹಿಡಿಸುವ, ದಿನಗೂಲಿಯಲ್ಲಿ ಕೊಳ್ಳಬಹುದಾದ ಈ ಅಳತೆಯೇ ದಿನನಿತ್ಯದ ಕುಡಿತವನ್ನು ಸುಲಭವಾಗಿಸಿದೆ.

ಹೀಗೆ ದಿನವೂ ಕುಡಿಯುವಾಗ ದೇಹ ಹೊಂದಿಕೊಳ್ಳುತ್ತದೆ. ಯಕೃತ್ತು ಮದ್ಯಸಾರವನ್ನು ಸ್ವಲ್ಪ ಬೇಗ ಕರಗಿಸಲು ಕಲಿಯುತ್ತದೆ, ಮಿದುಳು ಅದರ ಮಂಪರಿಗೆ ಎದುರಾಗಿ ತನ್ನನ್ನು ಇನ್ನಷ್ಟು ಎಚ್ಚರದಲ್ಲಿ ಇಟ್ಟುಕೊಳ್ಳುತ್ತದೆ. ಮೊದಲು ಎರಡರಲ್ಲಿ ಸಿಗುತ್ತಿದ್ದ ಮತ್ತಿಗೆ ಈಗ ನಾಲ್ಕು ಬೇಕು. ಕುಡಿಯದ ದಿನ ಆ ಎಚ್ಚರವೇ ತಿರುಗಿಬೀಳುತ್ತದೆ. ನಿದ್ದೆ ಬಾರದು, ಕೈ ನಡುಗುತ್ತದೆ, ಬೆವರುತ್ತದೆ, ಸಿಡಿಮಿಡಿ. ಈ ಹಂತ ತಲುಪಿದವನು ಸುಖಕ್ಕಾಗಿ ಕುಡಿಯುತ್ತಿಲ್ಲ, ಮೊದಲಿನಂತೆ ಇರುವುದಕ್ಕಾಗಿ ಕುಡಿಯುತ್ತಿದ್ದಾನೆ. ಇದು ಕೆಟ್ಟ ಬುದ್ಧಿಯಲ್ಲ, ಕಾಯಿಲೆ.

ಈಗ ಹಿರಿಯರ ಮಾತಿಗೆ ಬರೋಣ. ಅದರಲ್ಲಿ ನಿಜವೇ ಇಲ್ಲವೆಂದು ಹೇಳಲಾಗದು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯ 1975ರಿಂದಲೂ ಪ್ರತಿವರ್ಷ ಪ್ರೌಢಶಾಲೆಯ ಕೊನೆಯ ತರಗತಿಯ ವಿದ್ಯಾರ್ಥಿಗಳನ್ನು ಪ್ರಶ್ನಿಸಿ, ಅವರಲ್ಲಿ ಕೆಲವರನ್ನು ಮುಂದಿನ ವರ್ಷಗಳಲ್ಲೂ ಹಿಂಬಾಲಿಸಿ ಅಧ್ಯಯನ ಮಾಡುತ್ತ ಬಂದಿದೆ. ಅಲ್ಲಿ ಕಂಡದ್ದೇನೆಂದರೆ, ಒಂದೇ ಸಲಕ್ಕೆ ವಿಪರೀತ ಕುಡಿಯುವ ಅಭ್ಯಾಸ ಇಪ್ಪತ್ತರ ಮೊದಲ ವರ್ಷಗಳಲ್ಲಿ ಶಿಖರ ಮುಟ್ಟಿ, ಆಮೇಲೆ ಇಳಿಯುತ್ತದೆ. ಉದ್ಯೋಗ, ಮದುವೆ, ಮಗು ಈ ಜವಾಬ್ದಾರಿಗಳು ಬಂದಂತೆ ಬಹಳ ಜನ ಕಡಿಮೆ ಮಾಡುತ್ತಾರೆ. ಮದುವೆ ನಿಶ್ಚಯವಾದ ಕಾಲದಿಂದಲೇ, ಎಂದರೆ ತಾಳಿ ಕಟ್ಟುವ ಮೊದಲೇ, ಈ ಇಳಿಕೆ ಶುರುವಾಗುತ್ತದೆ.

ಹಾಗಾದರೆ ಹಿರಿಯರು ಹೇಳಿದ್ದು ಸರಿಯೇ? ಸ್ವಲ್ಪ ತಾಳಿ. ಅಲ್ಲಿಯ ಮದುವೆಗೂ ನಮ್ಮ ಮದುವೆಗೂ ವ್ಯತ್ಯಾಸವಿದೆ. ಅಲ್ಲಿ ಹುಡುಗ ಹುಡುಗಿ ತಾವೇ ಒಬ್ಬರನ್ನೊಬ್ಬರು ಆರಿಸಿಕೊಂಡು, ಸಾಕಷ್ಟು ಕಾಲ ಒಡನಾಡಿ, ಬದುಕಿನ ರೀತಿಯನ್ನು ಬದಲಿಸಲು ಮನಸ್ಸು ಮಾಡಿ ಮದುವೆಯಾಗುತ್ತಾರೆ. ಮದುವೆ ಅವನನ್ನು ಬದಲಿಸಿತೋ, ಬದಲಾಗಲು ಸಿದ್ಧನಿದ್ದವನು ಮದುವೆಯಾದನೋ ಎಂದು ಬಿಡಿಸಿ ಹೇಳುವುದು ಕಷ್ಟ. ನಮ್ಮಲ್ಲಿ "ಬದಲಾಗಲಿ" ಎಂದು ಮನೆಯವರೇ ಮದುವೆ ಮಾಡಿಸುತ್ತಾರೆ. ಹುಡುಗ ಏನನ್ನೂ ನಿರ್ಧರಿಸಿರುವುದಿಲ್ಲ.

ಎರಡನೆಯದು, ಅಲ್ಲಿ ಮದುವೆಯಾದವನ ಸಂಜೆ ಬದಲಾಗುತ್ತದೆ. ಕುಡಿಯುವ ಗೆಳೆಯರಿಂದ ದೂರವಾಗಿ ಹೆಂಡತಿಯೊಡನೆ ಕಾಲ ಕಳೆಯುತ್ತಾನೆ. ನಮ್ಮಲ್ಲಿ ಕುಡಿತ ಗಂಡಸರು ಗಂಡಸರೇ ಸೇರಿ ಮನೆಯ ಹೊರಗೆ ನಡೆಸುವ ವ್ಯವಹಾರ. ಮದುವೆಯಾದರೂ ಆ ಹೊರಗಿನ ಕೂಟ ಹಾಗೆಯೇ ಇರುತ್ತದೆ. ಹೊಸದಾಗಿ ಬಂದ ಹೆಂಡತಿಗೆ ಅಲ್ಲಿ ಪ್ರವೇಶವಿಲ್ಲ, ಪ್ರಶ್ನಿಸುವ ಅಧಿಕಾರವನ್ನೂ ಮನೆಯವರು ಕೊಟ್ಟಿರುವುದಿಲ್ಲ. ಅವಳು ಮಾಡಬಹುದಾದದ್ದು ಊಟ ಬಡಿಸಿಟ್ಟು ಬಾಗಿಲು ಕಾಯುವುದೊಂದೇ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಸರಾಸರಿಯಲ್ಲಿ ಕುಡಿತ ಇಳಿಯುತ್ತದೆ ಎಂದರೆ ಪ್ರತಿಯೊಬ್ಬನದೂ ಇಳಿಯುತ್ತದೆ ಎಂದಲ್ಲ. ಅಮೆರಿಕದಲ್ಲಿ ಸುಮಾರು 27 ಸಾವಿರ ಜನರ ಸಮೀಕ್ಷೆಯೊಂದರ ಫಲಿತಾಂಶ 1997ರಲ್ಲಿ ಪ್ರಕಟವಾಯಿತು. ಹದಿನಾಲ್ಕು ತುಂಬುವುದರೊಳಗೆ ಅಥವಾ ಹದಿನಾಲ್ಕರಲ್ಲಿ ಕುಡಿಯಲು ತೊಡಗಿದವರಲ್ಲಿ ಶೇಕಡಾ 40ಕ್ಕಿಂತ ಹೆಚ್ಚು ಜನ ಜೀವನದ ಯಾವುದಾದರೊಂದು ಘಟ್ಟದಲ್ಲಿ ಮದ್ಯವ್ಯಸನಕ್ಕೆ ತುತ್ತಾಗಿದ್ದರು. ಇಪ್ಪತ್ತು ದಾಟಿದ ಮೇಲೆ ಶುರುಮಾಡಿದವರಲ್ಲಿ ಅದು ಶೇಕಡಾ ಸುಮಾರು 10. ಬೇಗ ಶುರುಮಾಡಿದ್ದೊಂದೇ ಇದಕ್ಕೆ ಕಾರಣವೆನ್ನಲಾಗದು. ಮನೆಯ ಪರಿಸರ, ವಂಶದಿಂದ ಬಂದ ಗುಣ ಇವುಗಳ ಪಾಲೂ ದೊಡ್ಡದು. ಆದರೂ ಹದಿನಾಲ್ಕರಲ್ಲಿ ಶುರುಮಾಡಿದ, ಕುಡಿತದ ಕುಟುಂಬದಿಂದ ಬಂದ ಹುಡುಗನ ವಿಷಯದಲ್ಲಿ ವಯಸ್ಸೇ ಎಲ್ಲವನ್ನೂ ತಿದ್ದೀತೆಂದು ಕೈಕಟ್ಟಿ ಕೂರುವುದು ಜಾಣತನವಲ್ಲ.

ಹಾಗಾದರೆ ತಾನಾಗಿ ಇಳಿಸುವವನು ಯಾರು, ಇಳಿಸಲಾರದವನು ಯಾರು ಎಂದು ಗುರುತಿಸುವುದು ಹೇಗೆ? ಕೆಲವು ಪ್ರಶ್ನೆಗಳನ್ನು ಕೇಳಿ ನೋಡಿ. ಅವನು ಒಬ್ಬನೇ ಕುಡಿಯುತ್ತಾನೆಯೇ? ಒಂದೇ ಪೆಗ್ ಎಂದು ಕುಳಿತವನಿಗೆ ನಿಲ್ಲಿಸಲು ಆಗುತ್ತದೆಯೇ? ಹಿಂದಿನ ರಾತ್ರಿ ನಡೆದದ್ದು ಬೆಳಿಗ್ಗೆ ನೆನಪಿರುವುದಿಲ್ಲವೇ? ಕುಡಿತದಿಂದ ಕೆಲಸಕ್ಕೆ ಚಕ್ಕರ್ ಹೊಡೆದಿದ್ದಾನೆಯೇ? ಬೆಳಿಗ್ಗೆ ಎದ್ದಾಗ ಕೈ ನಡುಗುತ್ತದೆಯೇ, ನಡುಕ ನಿಲ್ಲಿಸಲು ಮತ್ತೆ ಕುಡಿಯುತ್ತಾನೆಯೇ? ಕಡಿಮೆ ಮಾಡೆಂದು ಯಾರಾದರೂ ಹೇಳಿದ್ದಾರೆಯೇ, ಅವನು ಪ್ರಯತ್ನಿಸಿ ಸೋತಿದ್ದಾನೆಯೇ? ಇವುಗಳಲ್ಲಿ ಒಂದೆರಡಕ್ಕೆ ಹೌದೆಂಬ ಉತ್ತರ ಬಂದರೂ ವೈದ್ಯರನ್ನು ಕಾಣುವುದು ಒಳ್ಳೆಯದು.

ಒಂದು ಎಚ್ಚರಿಕೆ. ಬೆಳಿಗ್ಗೆಯೇ ಕುಡಿಯಬೇಕಾಗುವ ಹಂತ ತಲುಪಿದವನನ್ನು ರೂಮಿನಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಲು ಹೋಗಬೇಡಿ. ಹಠಾತ್ತನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಭ್ರಮೆಗೊಳಗಾಗಿ ಪ್ರಾಣಕ್ಕೇ ಸಂಚಕಾರ ಬರಬಹುದು. ಇದನ್ನು ವೈದ್ಯರ ಉಸ್ತುವಾರಿಯಲ್ಲೇ ಮಾಡಬೇಕು. ಊಟದಲ್ಲಿ ಗುಟ್ಟಾಗಿ ಔಷಧಿ ಬೆರೆಸುವುದೂ ಅಪಾಯಕಾರಿ.

ಇನ್ನೂ ಆ ಹಂತಕ್ಕೆ ಬಾರದವರ ಬಗ್ಗೆ ಸಮಾಧಾನದ ಸುದ್ದಿಯಿದೆ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಹಾನಿಕರವಾಗಿ ಕುಡಿಯುತ್ತಿದ್ದ ಗಂಡಸರೊಡನೆ ತರಬೇತಿ ಪಡೆದ ಸಾಮಾನ್ಯ ಸಲಹೆಗಾರರು ಹೆಚ್ಚೆಂದರೆ ನಾಲ್ಕು ಸಲ ಕುಳಿತು ಮಾತನಾಡಿದರು. ಮೂರು ತಿಂಗಳ ಬಳಿಕ ನೋಡಿದಾಗ, ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಶೇಕಡಾ 26 ಜನ ಅಪಾಯದ ಮಟ್ಟದಿಂದ ಹೊರಬಂದಿದ್ದರೆ, ಸಲಹೆ ಪಡೆದವರಲ್ಲಿ ಶೇಕಡಾ 36 ಜನ ಹೊರಬಂದಿದ್ದರು. ಅವರು ದೊಡ್ಡ ವೈದ್ಯರಲ್ಲ. ಬೈಯದೆ, ಉಪದೇಶ ಮಾಡದೆ, ಗೌರವದಿಂದ ಕುಳಿತು ಕೇಳಿದವರು. ಈ ಮಾತನ್ನು ಮನೆಯ ಹಿರಿಯರೂ ಗಮನಿಸಬಹುದು.

ಹದಿಹರೆಯದ ಮಕ್ಕಳಿರುವ ತಂದೆತಾಯಿಗಳಿಗೆ ಎರಡು ಮಾತು. ಕರ್ನಾಟಕದಲ್ಲಿ 21 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ. 2023ರ ಜನವರಿಯಲ್ಲಿ ಈ ವಯಸ್ಸನ್ನು 18ಕ್ಕೆ ಇಳಿಸುವ ಕರಡು ಹೊರಬಂದು, ಜನರ ವಿರೋಧದಿಂದಾಗಿ ಅದನ್ನು ಕೈಬಿಡಲಾಯಿತು. ಕಾನೂನು ಹೀಗಿದ್ದರೂ ಮಗನ ಕೈಯಲ್ಲಿ ದುಡ್ಡು ಕೊಟ್ಟು "ಅಂಗಡಿಯಿಂದ ಒಂದು ಕ್ವಾರ್ಟರ್ ತಾ" ಎಂದು ಕಳಿಸುವ ತಂದೆ ಇದ್ದಾನಲ್ಲ, ಅವನು ಕಾನೂನಿಗಿಂತ ದೊಡ್ಡ ಪಾಠವನ್ನು ಮಗನಿಗೆ ಕಲಿಸಿರುತ್ತಾನೆ.

ಐಸ್‌ಲ್ಯಾಂಡ್ ಎಂಬ ಪುಟ್ಟ ದೇಶದ ಉದಾಹರಣೆ ಇಲ್ಲಿ ನೆನೆಯುವಂಥದು. 1998ರಲ್ಲಿ ಅಲ್ಲಿಯ 15-16ರ ವಯಸ್ಸಿನ ಮಕ್ಕಳಲ್ಲಿ ಶೇಕಡಾ 42 ಜನ ಹಿಂದಿನ ಒಂದು ತಿಂಗಳಲ್ಲಿ ಮತ್ತೇರುವಷ್ಟು ಕುಡಿದಿದ್ದರು. 2016ರ ಹೊತ್ತಿಗೆ ಅದು ಶೇಕಡಾ 5ಕ್ಕೆ ಇಳಿಯಿತು. ಅವರು ಮಾಡಿದ್ದು ಬರೀ ಭಾಷಣವಲ್ಲ. ಮಕ್ಕಳಿಗೆ ಆಟ, ಸಂಗೀತ, ಕಲೆಗಳಿಗೆ ಅನುಕೂಲ ಮಾಡಿಕೊಟ್ಟರು. ತಡರಾತ್ರಿ ಮಕ್ಕಳು ಬೀದಿಯಲ್ಲಿರದಂತೆ ನೋಡಿಕೊಂಡರು. ತಂದೆತಾಯಿಗಳು ಮಕ್ಕಳೊಡನೆ ಹೆಚ್ಚು ಕಾಲ ಕಳೆಯಲು ಒಪ್ಪಿಕೊಂಡರು. ನಮ್ಮ ಊರಿನ ಆಟದ ಮೈದಾನ, ಗ್ರಂಥಾಲಯ, ನಾಟಕ ತಂಡ, ಕಬಡ್ಡಿ ತಂಡಗಳೂ ಈ ದೃಷ್ಟಿಯಿಂದ ಆರೋಗ್ಯ ಇಲಾಖೆಯ ಕೆಲಸವನ್ನೇ ಮಾಡುತ್ತವೆ. ಮೊದಲ ಗುಟುಕನ್ನು ಐದಾರು ವರ್ಷ ಮುಂದೂಡಿದರೂ ಅದು ದೊಡ್ಡ ಗೆಲುವು.

ಸಹಾಯ ಬೇಕಾದವರಿಗೆ ದಾರಿಗಳಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. ಸರ್ಕಾರದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಹಲವು ಊರುಗಳಲ್ಲಿ ಮದ್ಯವರ್ಜನ ಶಿಬಿರಗಳು ನಡೆಯುತ್ತವೆ. ಬಿಟ್ಟವರೇ ಸೇರಿ ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಗಳೂ ಇವೆ.

ಇನ್ನು ಆ ತಾಯಿಯ ಪ್ರಶ್ನೆಗೆ ನೇರ ಉತ್ತರ. ಅಮ್ಮಾ, ವಯಸ್ಸಾದಂತೆ ಬಹಳ ಹುಡುಗರು ಕುಡಿತ ಕಡಿಮೆ ಮಾಡುವುದು ನಿಜ. ನಿಮ್ಮ ಮಗನೂ ಅವರಲ್ಲೊಬ್ಬನಾಗಿರಬಹುದು. ಹಾಗಿದ್ದರೆ ಅವನು ಮದುವೆಗೆ ಮೊದಲೇ ಕಡಿಮೆ ಮಾಡಿ ತೋರಿಸಲಿ. ಆರು ತಿಂಗಳು, ಒಂದು ವರ್ಷ ಕಾಯಿರಿ. ಅವನಿಂದ ಅದು ಆಗುತ್ತಿಲ್ಲ ಎಂದಾದರೆ ಅವನಿಗೆ ಬೇಕಾದದ್ದು ಚಿಕಿತ್ಸೆ, ಹೆಂಡತಿಯಲ್ಲ. ಸೊಸೆಯಾಗಿ ಬರುವವಳು ಮನೆಯ ಮಗಳಾಗಲಿ. ಅವಳನ್ನು ಔಷಧಿಯ ಶೀಷೆಯನ್ನಾಗಿ ಮಾಡಬೇಡಿ. ಗುಣವಾಗದಿದ್ದಾಗ ಜನ ದೂರುವುದು ಕಾಯಿಲೆಯನ್ನಲ್ಲ, ಆ ಹುಡುಗಿಯನ್ನೇ.

ಹೆಣ್ಣು ಹೆತ್ತವರಿಗೂ ಒಂದು ಮಾತು. ಹುಡುಗನ ಸಂಬಳ, ಸೈಟು, ಜಾತಕಗಳನ್ನು ವಿಚಾರಿಸುವ ನಾವು "ಕುಡಿತ ಇದೆಯೇ, ಎಷ್ಟಿದೆ, ಯಾವಾಗಿನಿಂದ ಇದೆ" ಎಂದು ಕೇಳಲು ಸಂಕೋಚ ಪಡುತ್ತೇವೆ. ಆ ಸಂಕೋಚ ಬಿಡೋಣ. ಬೀಗರು ಮುನಿಸಿಕೊಂಡರೆ ಒಂದು ಸಂಬಂಧ ತಪ್ಪಬಹುದು. ಕೇಳದೆ ಬಿಟ್ಟರೆ ಒಂದು ಬದುಕೇ ತಪ್ಪಿಹೋಗಬಹುದು.